ಅವಲಕ್ಕಿಯೂ ಪಿಷ್ಟವೇ

ಹೊಸಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಏನಾದರೊಂದು ನಗೆಪಾಟಲು ಆಗದೆ ವಾರ ಮುಗಿಯುವುದಿಲ್ಲ. ಸಂಜೆ ನಮ್ಮನೆಯವರಿಗೆ ಹೇಳುತ್ತಿದ್ದೆ. ಚಹಾ ಆರುವವರೆಗೆ ನಗುತ್ತಿದ್ದರು. ಅವರು ಹೋದ ಮೇಲೂ ಇಂಥವು ನಿಂತಿಲ್ಲ, ಕೇಳುವವರು ಮಾತ್ರ ಇಲ್ಲ.

ಪ್ರಾಚಾರ್ಯರ ಅಂಗಿ

ಅಯೋಡಿನ್ ಹನಿ ಬಿದ್ದಲ್ಲಿ ಕಡುನೀಲಿಯಾದರೆ ಅಲ್ಲಿ ಪಿಷ್ಟವಿದೆ ಎಂದರ್ಥ. ಆಲೂಗಡ್ಡೆ, ಕಂಪ್ಲಿಯ ಅಕ್ಕಿ, ಎಲ್ಲದರ ಮೇಲೂ ಮಕ್ಕಳಿಂದ ಹಾಕಿಸುತ್ತಿದ್ದೆ. ಆಗಲೇ ಪ್ರಾಚಾರ್ಯರು ಒಳಗೆ ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಗಡಬಡಿಸಿ ಎದ್ದ ಹುಡುಗಿಯೊಬ್ಬಳ ಕೈಯಿಂದ ಹನಿ ಹಾರಿ ಅವರ ತೋಳು ನೀಲಿಯಾಯಿತು. ಆ ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ನಿಮ್ಮ ಅಂಗಿ ಪಾಸಾತ್ರಿ."

ಹಂಪಿಯ ಆಕಳು

ಹಂಪಿಯ ಬಾಳೆತೋಟದ ಬೇಲಿ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಶುರುಮಾಡಿದೆ. ಹುಲ್ಲು, ಬಾಳೆದಿಂಡು, ಕಾಗದ ಎಲ್ಲದರಲ್ಲೂ ಸೆಲ್ಯುಲೋಸ್ ಇದೆ; ನಮಗೆ ಅರಗದು, ಆಕಳಿಗೆ ಹೊಟ್ಟೆಯ ಸೂಕ್ಷ್ಮಜೀವಿಗಳು ಅರಗಿಸಿಕೊಡುತ್ತವೆ ಎಂದೆ. ಎಂದೂ ಇಲ್ಲದ ಆಸಕ್ತಿಯಿಂದ ಮಕ್ಕಳು ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದರೆ, ನಾನು ತಿದ್ದಲು ತಂದಿದ್ದ ಉತ್ತರ ಪತ್ರಿಕೆಗಳನ್ನು ಆಕಳೊಂದು ಮೇಯುತ್ತಿತ್ತು. ಓಡಿಸಲು ಕೈ ಎತ್ತಿದಾಗ ಒಬ್ಬ ಬೇಡಿಕೊಂಡ: "ಇರ್ಲಿ ಬಿಡ್ರಿ ಮೇಡಂ, ನನ್ನ ಪೇಪರ್ ಇನ್ನೂ ಉಳಿದೈತಿ."

ಹಿರಿಯರ ಎಡೆ

ಹಂಪಿಯಿಂದ ಮರಳುವಾಗ ನಮ್ಮನೆಯವರಿಗೆ ಇದನ್ನು ಹೇಳಲೆಂದು ಫೋನು ತೆಗೆದೆ. ಹೆಸರು ಹುಡುಕಿದ ಮೇಲೆ ನೆನಪಾಯಿತು. ಫೋನು ಕೈಯಲ್ಲೇ ಹಿಡಿದು ಊರು ಮುಟ್ಟಿದೆ.

ನಮ್ಮನೆಯವರು ಸಂಡೂರಿನವರು. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಅನ್ನ ಬಿಡಿಸಿದಾಗ ಅವಲಕ್ಕಿ ಹಿಡಿದರು, ಸಾಬೂದಾನಿ ಹಿಡಿದರು. ಎಲ್ಲವೂ ಪಿಷ್ಟವೇ, ಹೊಟ್ಟೆಯಲ್ಲಿ ಒಡೆದು ಸಕ್ಕರೆಯೇ ಆಗುತ್ತದೆ, ಮಿಕ್ಕದ್ದು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಕೂಡುತ್ತದೆ ಎಂದು ದಿನವೂ ಬೈಯುತ್ತಿದ್ದೆ. ತಾಳ್ಮೆಯಿಂದ ಪೂರ್ತಿ ಕೇಳಿ, "ಡಾಕ್ಟ್ರು ಅವಲಕ್ಕಿ ಹೆಸರು ತಗದಿಲ್ಲ" ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದರು.

ಈ ಸಲ ಮಹಾಲಯ ಅಮಾವಾಸ್ಯೆಗೆ ಅವರ ಫೋಟೋದ ಮುಂದೆ ಮೊದಲ ಎಡೆ. ಅನ್ನ, ಅವಲಕ್ಕಿ, ಆಲೂಗಡ್ಡೆ ಪಲ್ಯ ಬಡಿಸಿದ ನಾದಿನಿ ಹೋಳಿಗೆ ಹಿಡಿದು ನಿಂತಳು. ಅಣ್ಣನಿಗೆ ಸಕ್ಕರೆ ಇತ್ತಲ್ಲ, ಒಂದೇ ಇಡಲೇ ಎಂದು ಕೇಳಿದಳು.

"ಎರಡಿಡು. ಇನ್ನ ನಾ ಬೈಯಂಗಿಲ್ಲ," ಎಂದೆ.

ಅವಳು ಎರಡಿಟ್ಟು, ಫೋಟೋ ನೋಡಿ, ಹೇಳಿದಳು: "ಬೈರಿ ವೈನಿ. ಇಲ್ಲಾಂದ್ರ ಅಣ್ಣಗ ಉಂಡಂಗ ಅನ್ಸಂಗಿಲ್ಲ."

ಎಡೆಯ ಮುಂದೆ ಕೂತು ಮನಸಾರೆ ಬೈದೆ.