ಗೌಜಲಕ್ಕಿಗಳ ಸಂಜೆ ವಿಹಾರ

“ಇನ್ನು ಮೇಲೆ ಈ ಮನೆಯವರು ಮೊಟ್ಟೆ ತರೋಕೆ ಅಂಗಡಿಗೆ ಹೋದರೆ ನಾನು ಮೀಸೆ ಬೋಳಿಸ್ಕೋತೀನಿ!”

ಹಾಸಿಗೆಯಣ್ಣ ಹೀಗೆ ಘೋಷಿಸಿದಾಗ ಅವನ ಕಂಕುಳಲ್ಲಿ ಒಂದು ಪಂಜರವಿತ್ತು. ಅದರೊಳಗೆ ಐದು ಹೆಣ್ಣು, ಒಂದು ಗಂಡು ಗೌಜಲಕ್ಕಿ; ಒಂದೊಂದೂ ಮುಷ್ಟಿಯಷ್ಟು. ಬೀದಿಯವರಿಗೆಲ್ಲ ಹಾಸಿಗೆ, ದಿಂಬು ಹೊಲಿದು ಕೊಡುವುದು ಅವನ ಕಸುಬು. ಹೊಲಿದದ್ದರ ಮೇಲೆ ತಾನೇ ಮೊದಲು ಮಲಗಿ ಕನಸು ಕಾಣುವುದು ಅವನ ಸ್ವಭಾವ.

“ದಿನಕ್ಕೆ ಐದು ಮೊಟ್ಟೆ ಕಣೇ!”

“ಮೊದಲು ಒಂದು ಇಡಲಿ,” ಎಂದಳು ಹೆಂಡತಿ. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರು ನೀವು.”

ಅವನು ನಿಜವಾಗಿಯೂ ಹೊಲಿದ! ಗೌಜಲಕ್ಕಿ ಬೆದರಿದರೆ ಅಕ್ಕಪಕ್ಕ ನೋಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಮೊದಲ ದಿನವೇ ಆರೂ ಹಕ್ಕಿಗಳು ಪಂಜರದ ಮುಚ್ಚಳಕ್ಕೆ ತಲೆ ಬಡಿದುಕೊಂಡದ್ದನ್ನು ಕಂಡು ಅವನ ಕರುಳು ಚುರುಕ್ ಎಂದಿತು. ಸಂಜೆಯೊಳಗೆ ಮುಚ್ಚಳದ ಒಳಗಡೆ ಎರಡು ಬೆರಳು ದಪ್ಪದ ಹತ್ತಿಯ ಮೆತ್ತೆ ಬಂತು. ಚಕ್ರವರ್ತಿಗಳ ಪಲ್ಲಕ್ಕಿಗೂ ಅಂಥ ಮೆತ್ತೆ ಇರಲಿಲ್ಲ!

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಾಪ, ಇಡೀ ದಿನ ಪಂಜರದಲ್ಲೇ ಇದ್ದರೆ ಅವಕ್ಕೆ ಬೇಸರವಾಗುವುದಿಲ್ಲವೇ? ದಿನವೂ ಸಂಜೆ ನಾಲ್ಕಕ್ಕೆ ಕೆಲಸದ ಕೋಣೆಯ ಬಾಗಿಲು ಹಾಕಿ, ಬಿಡಿಸಿಟ್ಟ ಹತ್ತಿಯ ರಾಶಿಗೆ ಹಕ್ಕಿಗಳನ್ನು ಬಿಡತೊಡಗಿದ. ಕಿಟಕಿಯ ಓರೆ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಹಕ್ಕಿಗಳು ಕುತ್ತಿಗೆವರೆಗೆ ಹೂತುಕೊಂಡು ಕ್ರೂ ಕ್ರೂ ಎಂದು ಗುನುಗುತ್ತಿದ್ದವು. ಅರ್ಧ ಹೊಲಿದ ಹಾಸಿಗೆಯ ಮೇಲೆ ಕಾಲು ಚಾಚಿದ ಅವನಿಗೆ ತಾನು ಮೋಡದ ಮೇಲೆ ಮಲಗಿದ್ದೇನೆ, ಸುತ್ತ ಚುಕ್ಕೆ ಚುಕ್ಕೆಯ ಮೊಟ್ಟೆಗಳು ಹಗುರವಾಗಿ ಇಳಿದು ಬರುತ್ತಿವೆ ಎಂದು ಕಾಣುತ್ತಿತ್ತು. ಐದಕ್ಕೆ ಎಚ್ಚರವಾದಾಗ ಹಕ್ಕಿಗಳನ್ನು ಎತ್ತಿ ಪಂಜರಕ್ಕೆ ಬಿಡುತ್ತಿದ್ದ. ಆ ಒಂದು ಗಂಟೆ ಅವನ ಬದುಕಿನಲ್ಲೇ ಅತ್ಯಂತ ಸುಖದ ಗಂಟೆಯಾಗಿತ್ತು.

ಆದರೆ ಬೆಳಿಗ್ಗೆ ನೋಡಿದರೆ ಪಂಜರದಲ್ಲಿ ಮೊಟ್ಟೆಯ ಸುಳಿವಿಲ್ಲ! ಒಂದು ವಾರ ಕಳೆಯಿತು. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ತಿಂಗಳ ಕೊನೇ ಭಾನುವಾರದ ತನಕ ನೋಡ್ತೀನಿ. ಅಷ್ಟರೊಳಗೆ ಒಂದು ಮೊಟ್ಟೆ ಕಾಣಿಸ್ಲಿಲ್ಲ ಅಂದ್ರೆ ಹಕ್ಕಿ ನನ್ನ ತಮ್ಮನ ಮನೆಗೆ!”

ಹಾಸಿಗೆಯಣ್ಣನ ಎದೆ ಧಸಕ್ಕೆಂದಿತು. ಆ ಬಾಮೈದ ರೆಕ್ಕೆ ಇರುವುದರಲ್ಲಿ ಫ್ಯಾನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಿಂದವನು!

“ನನ್ನ ಮಾನ ಬೇಡ, ನಿಮ್ಮ ಪ್ರಾಣನಾದ್ರೂ ಉಳಿಸ್ಕೊಳ್ರಮ್ಮಾ,” ಎಂದು ಪಂಜರದ ಮುಂದೆ ಕೂತು ಬೇಡಿಕೊಂಡ. ಹಕ್ಕಿಗಳು ಕಣ್ಣು ಮಿಟುಕಿಸಿದವು.

ಅದೇ ವಾರ ಸೊಂಟ ಹಿಡಿದುಕೊಂಡು ಅತ್ತೆ, ಅಂದರೆ ಹೆಂಡತಿಯ ತಾಯಿ, ಮನೆಗೆ ಬಂದರು. ಒಂದು ತಿಂಗಳು ಮಲಗಿಯೇ ಇರಬೇಕು, ಹೀಟಿಂಗ್ ಪ್ಯಾಡ್ ತೆಗೆಯಬಾರದು ಎಂದು ಡಾಕ್ಟರ್ ಹೇಳಿದ್ದರು. ಅಳಿಯ ತನ್ನ ಕೈಯಾರೆ ಒಂದು ಗುಂಡನೆಯ ಉದ್ದ ದಿಂಬು ಹೊಲಿದುಕೊಟ್ಟ. ಕಣ್ಣು ಮುಚ್ಚಿಕೊಂಡೇ ಹತ್ತಿ ತುಂಬುವಷ್ಟು ಅವನ ಕೈ ಪಳಗಿತ್ತು. ಅಂದೂ ಹಾಗೆಯೇ ತುಂಬಿದ. ಅತ್ತೆ ದಿಂಬಿಗೂ ಸೊಂಟಕ್ಕೂ ನಡುವೆ ಹೀಟಿಂಗ್ ಪ್ಯಾಡ್ ಇಟ್ಟುಕೊಂಡು, ಗಳಿಗೆಗೊಮ್ಮೆ ನರಳಿ ಮಗ್ಗುಲು ಬದಲಿಸಿ, ಜೊತೆಗೆ ದಿಂಬನ್ನೂ ಹೊರಳಿಸುತ್ತ ದಿನ ದೂಡಿದರು.

ಈ ನಡುವೆ ಶಾಲೆಯ ಟೀಚರಮ್ಮ ಹೊಸ ದಿಂಬನ್ನು ಎತ್ತಿಕೊಂಡು ಬಂದರು. “ಏನಪ್ಪಾ ಇದು? ತಲೆ ಇಟ್ರೆ ಚಟ್ ಅನ್ನುತ್ತೆ, ಆಮೇಲೆ ಕೂದಲೆಲ್ಲ ಅಂಟಂಟು!”

“ಹೊಸ ಹತ್ತಿ ಅಲ್ವಾ ಟೀಚರ್, ಸ್ವಲ್ಪ ಎಣ್ಣೆ ಬಿಡುತ್ತೆ!” ಎಂದು ಹಾಸಿಗೆಯಣ್ಣ ಗಂಭೀರವಾಗಿ ಹೇಳಿದ. ಹೇಳಿದ ಮೇಲೆ ಅದನ್ನು ತಾನೂ ನಂಬಿದ.

ಕೊನೆಯ ಭಾನುವಾರ ಬಂತು. ಮಧ್ಯಾಹ್ನಕ್ಕೆ ಸರಿಯಾಗಿ ಬಾಮೈದನೂ ಬಂದ, ಕೈಯಲ್ಲಿ ಚೀಲ ಹಿಡಿದು.

“ಒಲೆ ಮೇಲೆ ನೀರಿಟ್ಟು ಬಂದಿದ್ದೀನಿ ಭಾವ. ಬೇಗ ಕೊಡಿ.”

ಹಾಸಿಗೆಯಣ್ಣ ಪಂಜರವನ್ನು ತಬ್ಬಿಕೊಂಡ. ಕಣ್ಣಲ್ಲಿ ನಿಜವಾದ ನೀರು! “ಇನ್ನೊಂದೇ ದಿನ ಕೊಡೇ,” ಎಂದು ಹೆಂಡತಿಯ ಮುಖ ನೋಡಿದ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಚೀರಿದರು.

“ಅಯ್ಯಯ್ಯೋ! ನನ್ನ ದಿಂಬು ಕೂಗ್ತಾ ಇದೆ!”

“ಅಮ್ಮಂಗೆ ಮಾತ್ರೆ ಜಾಸ್ತಿ ಆಯ್ತು,” ಎನ್ನುತ್ತ ಹೆಂಡತಿ ಓಡಿದಳು. ಮೂವರೂ ದಿಂಬಿಗೆ ಕಿವಿಯಿಟ್ಟರು. ಚೀಂವ್ ಚೀಂವ್! ಹಾಸಿಗೆಯಣ್ಣ ಹೊಲಿಗೆ ಬಿಚ್ಚಿದ. ಹತ್ತಿಯ ನಡುವಿನಿಂದ ಹೆಬ್ಬೆಟ್ಟಿನಷ್ಟು ದೊಡ್ಡ ಮರಿಯೊಂದು ಇಣುಕಿತು. ಹಿಂದೆಯೇ ಇನ್ನೊಂದು, ಮತ್ತೊಂದು, ಒಟ್ಟು ಒಂಬತ್ತು! ಅವುಗಳ ಸುತ್ತ ಚುಕ್ಕೆ ಚುಕ್ಕೆಯ ಒಡಕು ಚಿಪ್ಪುಗಳಿದ್ದವು.

ಹೆಂಡತಿ ಕೆಲಸದ ಕೋಣೆಗೆ ಹೋಗಿ ಹತ್ತಿಯ ರಾಶಿಗೆ ಕೈ ಹಾಕಿದಳು. ಸೆರಗು ತುಂಬ ಮೊಟ್ಟೆ ಹೊತ್ತು ಬಂದು ಗಂಡನ ಮುಂದೆ ನಿಂತಳು.

“ಗೌಜಲಕ್ಕಿ ಮೊಟ್ಟೆ ಇಡೋದು ಸಂಜೆ ಹೊತ್ತಂತೆ. ಆ ಹೊತ್ತಿಗೆ ಸರಿಯಾಗಿ ಹತ್ತಿಗೆ ಬಿಟ್ಟು, ನೀವು ಕಣ್ಣು ಮುಚ್ಕೊಂಡು ಏನು ನೋಡ್ತಿದ್ರಿ?”

“ಮೊಟ್ಟೆನೇ ಕಣೇ,” ಎಂದ ಅವನು ಸಣ್ಣ ದನಿಯಲ್ಲಿ. ಮರುಕ್ಷಣವೇ ಟೀಚರಮ್ಮನ ಕೂದಲು ನೆನಪಾಗಿ ಹಣೆ ಹಣೆ ಚಚ್ಚಿಕೊಂಡ.

ಬಾಮೈದ ಚೀಲ ಮಡಚಿಕೊಂಡು ಹೊರಟ. ಹಕ್ಕಿಗಳು ಉಳಿದವು! ಹಾಸಿಗೆಯಣ್ಣ ಹಿಗ್ಗಿ ಹೀರೇಕಾಯಿಯಾದ. ಮಂಚದ ಬಳಿ ಮಂಡಿಯೂರಿ ಎರಡೂ ಕೈ ಚಾಚಿದ. “ಬನ್ನಿ ಮಕ್ಕಳೇ, ಅಪ್ಪನ ಹತ್ರ ಬನ್ನಿ!”

ಒಂಬತ್ತೂ ಮರಿಗಳು ಅವನನ್ನೊಮ್ಮೆ ನೋಡಿ, ಗಾಬರಿಬಿದ್ದು, ತಿರುಗಿ ಅತ್ತೆಯ ಸೆರಗಿನೊಳಗೆ ನುಗ್ಗಿದವು. ಹದಿನೇಳು ದಿನ ಏಳಲಾರದೆ ಮಲಗಿದ್ದ ಅತ್ತೆ ಸರಕ್ಕನೆ ಎದ್ದು ಕೂತು, ಸೆರಗು ಮುಚ್ಚಿಕೊಂಡರು.

“ಮೆಲ್ಲಗೆ ಮಾತಾಡಿ ಅಳಿಯಂದ್ರೇ, ಬೆದರ್ತವೆ.”

“ಅತ್ತೇ, ಹಕ್ಕಿ ಸಾಕಿದ್ದು ನಾನು…”

“ಹೂಂ, ಗೊತ್ತು. ನಾಳೆ ಬಂದು ನೋಡ್ಕೊಂಡು ಹೋಗಿ. ಈಗ ಬಾಗಿಲು ಎಳ್ಕೊಂಡು ಹೊರಡಿ, ಬಾಣಂತಿ ಮಲಗ್ಬೇಕು!”