ಡಬ್ಬಿಯ ತಳದ ಚೀಟಿ

"ಶನಿವಾರದೊಳಗೆ ಈ ಡಬ್ಬಿಗೊಂದು ಗತಿ ಕಾಣಿಸ್ದೆ ಇದ್ರೆ ನಾನು ರಾಸ್ಕಾಮನ್ ಸೀಮೆಯ ದನಗಾರನೇ ಅಲ್ಲ!" ಎಂದು ಕಾಲ್ಮನ್ ಬೆಳಗಿನ ಓಟ್ಸ್ ಗಂಜಿಯ ಮುಂದೆ ಕೂತು ಘೋಷಿಸಿದ. ಕೇಳಿಸಿಕೊಂಡದ್ದು ನಾಯಿ ಒಂದೇ. ಹೆಂಡತಿ ಅಟ್ರಾಕ್ಟಾ ಇದ್ದಿದ್ದರೆ "ಯಾವ ಶನಿವಾರ?" ಎನ್ನುತ್ತಿದ್ದಳು. ಅವಳು ತೀರಿಕೊಂಡು ಐದು ತಿಂಗಳಾಗಿತ್ತು.

ಡಬ್ಬಿ ಅವಳದೇ. ಅದರ ತುಂಬ ಹಳೆಯ ಐರಿಷ್ ಕಾಸುಗಳು. ಒಂದರ ಮೇಲೆ ಕೋಳಿ, ಒಂದರ ಮೇಲೆ ಹಂದಿ, ಗೂಳಿ, ಕುದುರೆ. ದನ ಮಾರಿದವನು ಕೊಂಡವನ ಕೈಗೆ ಶುಭಕ್ಕೆಂದು ಒಂದು ಕಾಸು ಹಿಂದಕ್ಕೆ ಕೊಡಬೇಕು, ಅದು ಅಲ್ಲಿನ ಪದ್ಧತಿ. ಈ ಕಾಸುಗಳ ಚಲಾವಣೆ ನಿಂತ ಮೇಲೂ ಶುಭಕ್ಕೆ ಜನರಿಗೆ ಇವೇ ಬೇಕಾಗಿದ್ದವು. ಗಂಡ ಹಸು ಕೊಂಡು ತಂದಾಗಲೆಲ್ಲ ಅಟ್ರಾಕ್ಟಾ ಆ ಕಾಸನ್ನು ಚೀಟಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದಳು. ಮದುವೆಯ ದಿನ ಅವಳಪ್ಪನೂ ಮಗಳನ್ನು ಒಪ್ಪಿಸಿ, ಅಳಿಯನ ಅಂಗೈಗೆ ಕುದುರೆ ಚಿತ್ರದ ಅರ್ಧ ಕ್ರೌನ್ ಕಾಸು ಒತ್ತಿದ್ದ. ಚರ್ಚಿನ ಬಾಗಿಲಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಆ ಕುದುರೆಯೂ ಡಬ್ಬಿ ಸೇರಿತ್ತು.

ಈಗ ಕಪಾಟು ತೆಗೆದಾಗಲೆಲ್ಲ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು, ಕಾಲ್ಮನ್ ಬೇಕಾದ್ದನ್ನು ತೆಗೆಯದೆಯೇ ಬಾಗಿಲು ಮುಚ್ಚಿಬಿಡುತ್ತಿದ್ದ. ಹಳೆ ನಾಣ್ಯದ ವ್ಯಾಪಾರಿಗೆ ಶನಿವಾರ ಬರಹೇಳಿದ.

ಸಂತೆಗೆ ಹೊಡೆಯುವ ಮುನ್ನ ದನದ ಮೈ ತೊಳೆಯುವುದು ದನಗಾರನ ಧರ್ಮ. ಕಾಸಿಗೂ ಅದೇ ನ್ಯಾಯ ತಾನೆ? ಕನ್ನಡಕ ಸಿಗಲಿಲ್ಲ. ಅಂಗಡಿಯ ರಸೀದಿಗಳಿರಬೇಕೆಂದು ಚೀಟಿಗಳನ್ನೆಲ್ಲ ಬಿಚ್ಚಿ ಒಲೆಗೆ ಹಾಕಿದ. ಕಾಸುಗಳನ್ನು ವಿನಿಗರಿನಲ್ಲಿ ಮುಳುಗಿಸಿ ಮೇಲೆ ಅಡುಗೆ ಸೋಡಾ ಸುರಿದ. ನೊರೆ ಉಕ್ಕಿ ಮೇಜು ದಾಟಿ ನೆಲಕ್ಕಿಳಿಯಿತು. ನಾಯಿ ಸೀನುತ್ತ ಅಂಗಳಕ್ಕೆ ಓಡಿತು. ಹಸುವಿನ ಬೆನ್ನುಜ್ಜುವ ಬ್ರಷ್ಷಿನಿಂದಲೇ ತಿಕ್ಕಿದ್ದಾಯಿತು. ಕೋಳಿ, ಹಂದಿಗಳೆಲ್ಲ ಲಕಲಕ ಹೊಳೆದವು.

ಅಷ್ಟರಲ್ಲಿ ನಾದಿನಿ ಡಿಂಪ್ನಾ ಬ್ರೆಡ್ಡು ಹಿಡಿದು ಬಂದಳು. ಹೊಳಪು ಅವಳ ಕಣ್ಣಿಗೆ ಬೀಳಲೇ ಇಲ್ಲ.

"ಚೀಟಿಗಳೆಲ್ಲಿ ಭಾವ?"

"ಒಲೆಗೆ ಹಾಕ್ದೆ."

ಅವಳು ಬ್ರೆಡ್ಡು ಕೆಳಗಿಟ್ಟಳು. "ಅಕ್ಕ ಅದ್ರಲ್ಲಿ ಬರೀತಿದ್ಲು. ಹಸು ಹೆಸ್ರು, ಅದರ ಗುಣ, ಆಮೇಲೆ ಯಾವಾಗ ಮಾರಿದ್ದು, ಎಲ್ಲಾ."

ಕಾಲ್ಮನ್ ಒಲೆ ಕೆದಕಿದ. ಬೂದಿ. ಐವತ್ತು ವರ್ಷದ ಅವಳ ಅಕ್ಷರ ಒಂದು ಬೆಳಗಿನಲ್ಲಿ ಹೋಗಿತ್ತು. ಮಾವ ಕೊಟ್ಟ ಕುದುರೆಯಾದರೂ ಸಿಗಲೆಂದು ಹುಡುಕಿದ. ಹೊಳೆಯುವ ಕುದುರೆಗಳು ಹದಿನಾಲ್ಕಿದ್ದವು, ಎಲ್ಲವೂ ಒಂದೇ ಥರ. ಡಿಂಪ್ನಾ ಬೈಯದೆ ನೆಲದ ನೊರೆ ಒರೆಸತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಡಿಂಪ್ನಾ ಮನೆಯಲ್ಲಿದ್ದಾಗಲೇ ವ್ಯಾಪಾರಿ ಬಂದ. ಉಜ್ಜಿದ ಕಾಸಿಗೆ ಅರ್ಧ ಬೆಲೆಯೂ ಇಲ್ಲ ಎಂದು ತಲೆಯಾಡಿಸಿದ. ಕೊಟ್ಟಷ್ಟು ಕೊಟ್ಟು ಕಣ್ಣೆದುರಿನಿಂದ ಒಯ್ದರೆ ಸಾಕು ಎಂದ ಕಾಲ್ಮನ್, ದನದ ಸಂತೆಯ ರೂಢಿಯಂತೆ ಅಂಗೈಗೆ ಉಗುಳಿಕೊಂಡು, ವ್ಯಾಪಾರಿಯ ಕೈಗೆ ಪಟ್ಟೆಂದು ಹೊಡೆದು ವ್ಯವಹಾರ ಮುಗಿಸಿದ.

ವ್ಯಾಪಾರಿ ಡಬ್ಬಿಯನ್ನು ಚೀಲಕ್ಕೆ ಬೋರಲು ಹಾಕಿ ತಟ್ಟಿದ. ತಳಕ್ಕೆ ಹಾಸಿದ್ದ ಹಾಳೆಯ ಅಡಿಯಿಂದ ಇನ್ನೊಂದು ಕಾಸು ಉದುರಿತು. ಅದು ಇನ್ನೂ ಚೀಟಿಯೊಳಗೇ ಇತ್ತು. ಬಿಚ್ಚಿದರೆ ಒಳಗೆ ಕಪ್ಪುಗಟ್ಟಿದ ಕುದುರೆ.

ಕಾಲ್ಮನ್‌ನ ಮುಖ ನೋಡಿ ವ್ಯಾಪಾರಿ ಕಾಸು ಚಾಚಿದ. "ಇದು ಬೇಕಿದ್ರೆ ನೀವೇ ಇಟ್ಕೊಳ್ಳಿ."

"ಕೈ ಹೊಡೆದಾಯ್ತಲ್ಲ, ಕಾಸು ನಿಮ್ದು. ಚೀಟಿ ಮಾತು ಆಗಿರ್ಲಿಲ್ಲ. ಅದು ಕೊಡಿ."

ಕನ್ನಡಕ ಇನ್ನೂ ಸಿಕ್ಕಿರಲಿಲ್ಲ. ಚೀಟಿಯನ್ನು ಡಿಂಪ್ನಾಗೆ ಚಾಚಿದ. ಅವಳು ಓದಿದಳು:

"ಹೆಸರು, ಕಾಲ್ಮನ್. ಗುಣ, ಹಠಮಾರಿ. ಒದೆಯುವುದಿಲ್ಲ." ಅಲ್ಲಿಗೆ ನಿಲ್ಲಿಸಿಬಿಟ್ಟಳು.

"ಮೂರನೇದು? ಮಾರಿದ್ದು ಯಾವಾಗ ಅಂತ ಬರೆದಿದ್ದಾಳೆ?"

ಡಿಂಪ್ನಾ ಖಾಲಿ ಡಬ್ಬಿಯನ್ನೊಮ್ಮೆ ನೋಡಿದಳು.

"ಮಾರೋದಿಲ್ಲ ಅಂತ ಬರೆದಿದ್ದಾಳೆ, ಭಾವ."