ಹುಳು ಕೊಟ್ಟ ತೀರ್ಪು

"ಒಂದೊಂದು ಬೆಳೆಗೆ ನಲವತ್ತು ಸಾವಿರ ರೇಷ್ಮೆ ಹುಳುಗಳ ಹೊಟ್ಟೆ ತುಂಬಿಸೋ ಗಂಡಸು ನಾನು! ಎರಡು ತಿಂಗಳ ಕೂಸಿನ ಹೊಟ್ಟೇಲಿ ಒಂದಿಷ್ಟು ಹಾಲು ನಿಲ್ಲಿಸಲಾರೆನಾ? ಎಂಟೇ ದಿನ ಕೊಡಿ, ನೋಡಿ!"

ಹೀಗೆಂದು ಸಾದಲಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಎದೆ ತಟ್ಟಿಕೊಂಡದ್ದು ಐವತ್ತೆಂಟನೆಯ ಇಸವಿಯಲ್ಲಿ. ಕೇಳಿದವರು ಮೂವರು: ನನ್ನ ತಾಯಿ ಓಬಳಮ್ಮ, ನನ್ನ ಹೆಂಡತಿ ಕದಿರಮ್ಮ, ಅವಳ ತೊಡೆಯ ಮೇಲಿದ್ದ ನಮ್ಮ ಚೊಚ್ಚಲ ಮಗ. ಮಗ ತಕ್ಷಣವೇ ಉತ್ತರ ಕೊಟ್ಟ. ಆಗತಾನೆ ಕುಡಿದಿದ್ದ ಹಾಲನ್ನೆಲ್ಲ ನನ್ನ ಇಸ್ತ್ರಿ ಮಾಡಿದ ಪಂಚೆಯ ಮೇಲೆ ಕಕ್ಕಿದ.

ಅದೇ ನಮ್ಮ ಮನೆಯ ಗೋಳು. ಕುಡಿದ ಕಾಲು ಗಂಟೆಗೆ ಕಕ್ಕುವುದು, ಕಕ್ಕಿ ಅಳುವುದು, ಅತ್ತು ಮತ್ತೆ ಕುಡಿಯುವುದು. ಮನೆ ತುಂಬ ಹುಳಿ ಹಾಲಿನ ವಾಸನೆ, ಹಗ್ಗದ ತುಂಬ ಒದ್ದೆ ಬಟ್ಟೆ. ಕೂಸು ದಕ್ಕುತ್ತದೋ ಇಲ್ಲವೋ ಎಂಬ ಹೆದರಿಕೆ ದೊಡ್ಡವರು ಮೂವರಿಗೂ ಇತ್ತು; ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅಮ್ಮ ಅದನ್ನು ಬೈಗುಳ ಮಾಡಿ ಹೊರಗೆ ಹಾಕುತ್ತಿದ್ದಳು, ನಾನು ಬಡಾಯಿ ಮಾಡಿ. ಕದಿರಮ್ಮನಿಗೆ ತಾಯಿಯಿಲ್ಲ, ಬಾಣಂತನವೂ ನಮ್ಮಲ್ಲೇ. ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ಒಳಗೇ ಇಟ್ಟುಕೊಂಡು ಸೊರಗುತ್ತಿದ್ದಳು.

ನನ್ನ ಉದ್ಯೋಗ ತಿಳಿದರೆ ನನ್ನ ಬಡಾಯಿಯ ಮೂಲವೂ ತಿಳಿಯುತ್ತದೆ. ನಾನು ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ವೆಂಕಟರಾಮಪ್ಪ! ಅಜ್ಜನ ಕಾಲದಿಂದ ಹುಳು ಸಾಕಿಕೊಂಡು ಬಂದವರ ಊರುಗಳಿಗೆ ಸೈಕಲ್ಲಿನಲ್ಲಿ ಹೋಗಿ, ಹುಳು ಸಾಕುವುದು ಹೇಗೆಂದು ಅವರಿಗೇ ಹೇಳಿಕೊಡುವವನು.

ಮೊದಲ ಕ್ರಮ ವೇಳಾಪಟ್ಟಿ. ಹುಳುವಿಗೆ ದಿನಕ್ಕೆ ನಾಲ್ಕು ಮೇವು. ಮಗನೆಂಬ ಮಮತೆಯಿಂದ ಅವನಿಗೆ ಆರು ಹೊತ್ತು ಮಂಜೂರು ಮಾಡಿ, ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ.

"ನಡುವೆ ಹಸಿದು ಅಳ್ತಾನಲ್ರೀ?" ಎಂದಳು ಕದಿರಮ್ಮ.

"ಅಳಲಿ. ಹುಳ ಅಳ್ತವಾ?"

"ಹುಳಕ್ಕೆ ಅಳಾಕೆ ಬರಲ್ಲ. ಇವನಿಗೆ ಬರ್ತದೆ."

ಬಂತು! ಗಡಿಯಾರದ ಮುಳ್ಳು ತಿರುಗುವವರೆಗೆ ಕೇರಿಯೆಲ್ಲ ಕೇಳುವಂತೆ ಅತ್ತ. ಹೊತ್ತಾದ ಕೂಡಲೇ ಹಸಿದ ಹೊಟ್ಟೆಗೆ ಗಬಗಬನೆ ಕುಡಿದ, ಮೂಗಿನಲ್ಲೂ ಬರುವಂತೆ ಕಕ್ಕಿದ.

"ಹಾಲೇ ಕೆಟ್ಟೈತೆ ಕಣಪ್ಪ," ಎಂದಳು ಅಮ್ಮ. "ಇವಳು ಏನೋ ಕದ್ದು ತಿಂದವಳೆ."

"ಎರಡು ತಿಂಗಳಿಂದ ಅನ್ನ, ಮೆಣಸಿನ ಸಾರು. ಇನ್ನೇನು ತಿನ್ಲಿ ಅತ್ತೆ, ಮಣ್ಣು ತಿನ್ಲಾ?" ಎಂದಳು ಕದಿರಮ್ಮ.

ಆಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹಾಲು ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಅತ್ತೆ ಸೊಸೆಯ ಜಗಳದಲ್ಲಿ ತೀರ್ಮಾನಿಸುವುದೇ? ಇದು ವಿಜ್ಞಾನದ ಯುಗ! ಪಕ್ಕದ ಕೋಣೆಯಲ್ಲಿ ನಾನು ಹುಳು ಸಾಕುವ ಮಾದರಿ ತಟ್ಟೆಗಳಿದ್ದವು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನನ್ನ ಹುಳುಗಳು ನಾಲ್ಕನೆಯ ಜ್ವರದಿಂದ ಆಗತಾನೆ ಎದ್ದಿದ್ದವು.

"ನೋಡು ಕದಿರಮ್ಮ, ಹುಳಕ್ಕಿಂತ ಸೂಕ್ಷ್ಮ ಜೀವ ಭೂಮಿ ಮೇಲಿಲ್ಲ. ಸೊಪ್ಪಿಗೆ ನಿನ್ನ ಹಾಲು ಹಚ್ಚಿ ಹಾಕ್ತೀನಿ. ದೋಷ ಇದ್ರೆ ಒಂದೇ ದಿನದಲ್ಲಿ ಹೇಳಿಬಿಡ್ತವೆ."

ಅವಳು ಗೋಡೆಯ ಕಡೆ ತಿರುಗಿ, ಒಂದು ಬಟ್ಟಲಿಗೆ ಹಾಲು ಹಿಂಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಹುಳ ಒಳ್ಳೇದು ಅನ್ಲಪ್ಪ ದೇವರೇ," ಎಂದು ಅವಳು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಇಪ್ಪತ್ತು ಹುಳುಗಳನ್ನು ಬೇರೆ ತಟ್ಟೆಗೆ ಬಿಟ್ಟೆ. ಎಲೆ ಎಲೆಗೂ ಹಾಲು ಸವರಿ ಉಣಬಡಿಸಿದೆ. ಮಾರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಹದಿನೇಳು ಹುಳುಗಳು ಮೆತ್ತಗಾಗಿ, ಬಾಯಲ್ಲಿ ಹಸಿರು ನೀರು ಕಕ್ಕಿ ಸತ್ತಿವೆ. ಕಕ್ಕಿ! ನನ್ನ ಮಗನ ಹಾಗೆಯೇ! ನಾಚಿಕೆ ಬಿಟ್ಟು ಹೇಳುತ್ತೇನೆ, ಹೆದರಿಕೆಯ ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಯಿತು. ನನ್ನ ಪರೀಕ್ಷೆ ಫಲಿಸಿತ್ತಲ್ಲ!

ತಟ್ಟೆಯನ್ನು ತಂದು ಹೆಂಡತಿಗೆ ತೋರಿಸಿದೆ. ಅವಳು ಬೆರಳ ತುದಿಯಿಂದ ಒಂದು ಹುಳುವನ್ನು ತಳ್ಳಿ ನೋಡಿದಳು.

"ಹಂಗಾದ್ರೆ ಇಷ್ಟು ದಿನ ನನ್ನ ಮಗೂಗೆ ನಾನೇ ವಿಷ ಕುಡಿಸ್ತಿದ್ನಾ?"

ಇಲ್ಲ ಎನ್ನಬೇಕಿತ್ತು. "ಹುಳ ಸುಳ್ಳು ಹೇಳಲ್ಲ ಕಣೇ," ಎಂದೆ. ಇವತ್ತಿಗೂ ಆ ಮಾತು ನೆನಪಾದರೆ ನನಗೆ ಊಟ ಸೇರುವುದಿಲ್ಲ.

ಅಂದಿನಿಂದ ಒಳಲೆಯಲ್ಲಿ ಹಸುವಿನ ಹಾಲು. ಅಮ್ಮ ಕಾಲ ಮೇಲೆ ಮಲಗಿಸಿಕೊಂಡು ಹುಯ್ಯುವುದು, ಮಗ ಅದನ್ನೂ ಕಕ್ಕುವುದು. ಜೊತೆಗೆ ಹೊಟ್ಟೆ ಕಟ್ಟಿ, ಕಾಲು ಮಡಚಿಕೊಂಡು ಚೀರತೊಡಗಿದ. ಇತ್ತ ಕದಿರಮ್ಮನಿಗೆ ಎದೆ ಗಟ್ಟಿಯಾಗಿ ಜ್ವರ ಬಂತು. ಹಾಲನ್ನು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಮಗು ಅತ್ತಾಗಲೆಲ್ಲ ಅವಳ ರವಿಕೆ ನೆನೆಯುತ್ತಿತ್ತು. ಸೆರಗು ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಎತ್ತಿಕೊಳ್ಳಲು ಕರೆದರೂ ಬರುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ನನ್ನ ತಟ್ಟೆಗಳಿಗೆ ಸೊಪ್ಪು ಕೊಡುತ್ತಿದ್ದ ಕೊಂಡಮ್ಮ ಮೂಟೆ ಹೊತ್ತು ಬಂದಳು. ಅರವತ್ತು ದಾಟಿದ ಹೆಂಗಸು, ಹುಳುವಿನ ಮನೆಯಲ್ಲೇ ಹುಟ್ಟಿ ಬೆಳೆದವಳು.

"ಅಮ್ಮಣ್ಣಿ ಯಾಕೆ ಅಳ್ತಾವ್ಳೆ ಸ್ವಾಮಿ?"

ನಡೆದದ್ದನ್ನೆಲ್ಲ ಸವಿಸ್ತಾರವಾಗಿ ವಿವರಿಸಿದೆ. ಕೊಂಡಮ್ಮ ಮೂಟೆ ಇಳಿಸಿದಳು.

"ಹಾಲು ಹಚ್ಚಿದ ಸೊಪ್ಪನ್ನ ಆರಿಸಿ ಹಾಕಿದ್ರಾ?"

"ಆರಿಸಿದ್ರೆ ಹಾಲೆಲ್ಲಿ ಉಳೀತದೆ? ಹಂಗೇ ಒದ್ದೆ ಹಾಕಿದೆ."

"ಜ್ವರದಿಂದ ಎದ್ದ ಹುಳಕ್ಕೆ?"

"ಹೂಂ."

"ಅಯ್ಯೋ ದೇವುಡಾ! ಹೋದ ತಿಂಗಳು ಚಾವಡಿ ಮುಂದೆ ನಮ್ಮನ್ನೆಲ್ಲ ಬಿಸಿಲಲ್ಲಿ ಕೂರಿಸಿ, 'ಒದ್ದೆ ಸೊಪ್ಪು ಹಾಕಬ್ಯಾಡಿ, ಹುಳ ಕಕ್ಕಿ ಸಾಯ್ತವೆ' ಅಂತ ಗಂಟಲು ಹರ್ಕೊಂಡ್ರಲ್ಲ, ಅವರು ಬೇರೆ ಸಾಹೇಬ್ರಾ? ಬಾವಿ ನೀರು ಚಿಮುಕಿಸಿ ಹಾಕಿದ್ರೂ ಸಾಯ್ತವೆ. ನಾಳೆಯಿಂದ ನೀರು ಕುಡಿಯೋದೂ ಬಿಡ್ತೀರಾ?"

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ!

ಕೊಂಡಮ್ಮ ಅಷ್ಟಕ್ಕೆ ಬಿಡಲಿಲ್ಲ. ಗೂಡು ತೂಗುವ ನನ್ನ ತಕ್ಕಡಿಯನ್ನು ತರಿಸಿ, ಬಟ್ಟೆ ಹಾಸಿ ಕೂಸನ್ನು ಮಲಗಿಸಿದಳು. ಹುಟ್ಟಿದಾಗ ಆರು ಪೌಂಡು ಇದ್ದವನು ಒಂಬತ್ತೂವರೆ ತೂಗಿದ.

"ಹೊಟ್ಟೇಲಿ ಏನೂ ನಿಲ್ದೆ ಇದ್ರೆ ಈ ಮೈ ಎಲ್ಲಿಂದ ಬಂತು? ಕೇಳಿದಾಗೆಲ್ಲ ಸ್ವಲ್ಪ ಸ್ವಲ್ಪ ಕುಡಿಸಮ್ಮಣ್ಣಿ. ಕುಡಿಸಿದ ಕೂಡ್ಲೆ ಮಲಗಿಸಬ್ಯಾಡ. ಅವರಪ್ಪ ಹೆಗಲ ಮೇಲೆ ನೆಟ್ಟಗೆ ಹಾಕ್ಕೊಂಡು ತಿರುಗಾಡ್ಲಿ. ಕೂರೋದು ಕಲಿಯೋ ಹೊತ್ತಿಗೆ ತಾನೇ ನಿಲ್ತದೆ."

ಹೇಳಿ ಹೊರಟಳು. ಅಮ್ಮ ಮಗುವನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು. ಕದಿರಮ್ಮನ ಕೈ ಸೆರಗಿನವರೆಗೆ ಹೋಗಿ ನಿಂತಿತು.

"ರೀ, ಕುಡಿಸ್ಲಾ? ಇಲ್ಲ ಒಳಗೋಗಿ ಹುಳಗಳನ್ನ ಒಂದು ಮಾತು ಕೇಳ್ಕೊಂಡು ಬರ್ತೀರಾ?"

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಕಣ್ಣರಳಿಸಿ ನನ್ನ ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದಳು.

"ಕುಡಿಸು ತಾಯಿ," ಎಂದೆ.

"ಅತ್ತೆಗೂ ಕೇಳೋ ಹಂಗೆ ಹೇಳಿ."

"ನಿನ್ನ ಹಾಲು ಬಂಗಾರ ಕಣೇ! ಹುಳ ಕೊಂದೋನು ನಾನು! ನನಗೆ ಬುದ್ಧಿಯಿಲ್ಲ!" ಎಂದು ಸೂರು ಹಾರುವಂತೆ ಕೂಗಿದೆ.

"ಇನ್ನೂ ಸ್ವಲ್ಪ ಜೋರಾಗಿ ಸ್ವಾಮಿ, ಕೆಂಚಾರ್ಲಹಳ್ಳಿಗೆ ಕೇಳಿಸ್ಲಿಲ್ಲ!" ಎಂದಿತು ಬೀದಿಯಿಂದ ಕೊಂಡಮ್ಮನ ದನಿ.

ಮಗ ಮೊದಲು ಮುಖ ತಿರುಗಿಸಿದ. ಆಮೇಲೆ ಬಾಯಿ ಹಚ್ಚಿದ. ಅವನು ಕುಡಿಯುತ್ತಿರುವಷ್ಟು ಹೊತ್ತೂ ಕದಿರಮ್ಮ ದನಿಯಿಲ್ಲದೆ ಅತ್ತಳು. ಅಮ್ಮ ಒಳಲೆಯನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಕುಡಿದಾದ ಮೇಲೆ ಅವನನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಕಾವಲುಗಾರನಂತೆ ತಿರುಗಿದೆ. ಕಾಲು ಗಂಟೆಯೂ ಆಗಿರಲಿಲ್ಲ, ಬೆನ್ನಿನ ಮೇಲೆ ಬೆಚ್ಚಗೆ ಇಳಿಯಿತು.

"ಕದಿರಮ್ಮ! ಮತ್ತೆ ಅರ್ಧ ಕಕ್ಕಿಬಿಟ್ಟ ಕಣೇ!"

ಮೂರು ದಿನದಿಂದ ಗೋಡೆ ನೋಡುತ್ತಿದ್ದವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ಇನ್ನರ್ಧ ಒಳಗೈತೆ. ನೀವು ಸುಮ್ಮನೆ ತಿರುಗಾಡಿ."